ಹಕ್ಕುಪತ್ರದ ಹಿಂದಿನ ಪುಟವನ್ನೂ ತೆರೆಯಿರಿ

ಹದಿನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮನೆ. ಅರ್ಧ ದಿಮ್ಮಿಯದು, ಅರ್ಧ ಹಲಗೆಯದು. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಕೊಟ್ಟಿಗೆ, ನೂರು ಅಡಿ ಉದ್ದದ ಕುರಿದೊಡ್ಡಿ, ಮೆಕ್ಕೆಜೋಳದ ತೆನೆ ತುಂಬುವ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಅಮೆರಿಕದ ನೆಬ್ರಾಸ್ಕಾದಲ್ಲಿ, ಬಿಯಾಟ್ರಿಸ್ ಊರಿನ ಹತ್ತಿರ ಡೇನಿಯಲ್ ಫ್ರೀಮನ್ ಎಂಬ ರೈತ ಐದು ವರ್ಷ ಏನು ಮಾಡಿದ ಎಂಬುದಕ್ಕೆ 1868ರಲ್ಲಿ ನೆರೆಯವರಿಬ್ಬರು ಪ್ರಮಾಣ ಮಾಡಿ ಬರೆಸಿದ ಜಬಾನಿಯಲ್ಲಿ ಇದಿಷ್ಟೂ ಇದೆ. ಅವನ ಅರ್ಜಿಯ ಸಂಖ್ಯೆ 1. ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಅವನು ಅರ್ಜಿ ಹಾಕಿದ್ದ.

ಧಾರವಾಡ, ಗದಗ, ಹಾವೇರಿ ಕಡೆ ಸರ್ವೆಯರ್ ಆಗಿ ನೌಕರಿ ಮಾಡಿದವನು ನಾನು. ಬದುವಿನ ಮೇಲೆ ನಿಂತು ಬಾವಿ ಎಲ್ಲಿದೆ, ಮರ ಎಷ್ಟಿವೆ, ಯಾರ ಕಬ್ಜಾದಲ್ಲಿದೆ ಎಂದು ಬರೆದುಕೊಂಡು ಪಂಚರ ಸಹಿ ಹಾಕಿಸಿಕೊಂಡು ಬಂದ ಕೈ ಇದು. ನಿವೃತ್ತಿಯಾದ ಮೇಲೆ ಮಗಳಿರುವ ಲಿಂಕನ್ ನಗರಕ್ಕೆ ಬಂದೆ. ಬಿಯಾಟ್ರಿಸ್ ಇಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ಫ್ರೀಮನ್‌ನ ಆ ಹೊಲ ಈಗ ರಾಷ್ಟ್ರೀಯ ಉದ್ಯಾನ. ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಅಜ್ಜ ಮುತ್ತಜ್ಜರ ಮೂಲ ಹುಡುಕಿಕೊಂಡು ಬರುವವರಿಗೆ ಜಮೀನಿನ ಕಾಗದ ಓದಲು ನಾನು ನೆರವಾಗುತ್ತೇನೆ. ಹೆಚ್ಚಿನವರು ವಯಸ್ಸಾದವರು. ಮೊದಲು ಬಂದು ನೆಲೆಸಿದವರ ಮೊಮ್ಮಕ್ಕಳು, ಮರಿಮಕ್ಕಳು. ಅವರ ಶ್ರದ್ಧೆಯ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅವರ ಹುಡುಕಾಟ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿ ನಿಲ್ಲಬಾರದು. ಇಂದು ಆ ಮಾತು ಹೇಳಬೇಕು.

ಮೊದಲು ಹುಡುಕಾಟದ ಒಳ್ಳೆಯ ಕಡೆಯನ್ನೇ ಹೇಳುತ್ತೇನೆ. ಲಿಂಕನ್ ಅಧ್ಯಕ್ಷರು 1862ರ ಮೇ 20ರಂದು ಸಹಿ ಹಾಕಿದ ಆ ಕಾಯ್ದೆ, 21 ವರ್ಷ ತುಂಬಿದವರಿಗೆ ಅಥವಾ ಮನೆಯ ಯಜಮಾನರಾದವರಿಗೆ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ವಾಸಿಸಿ ಉತ್ತು ಬಿತ್ತಬೇಕು. ಯೂರೋಪಿನಿಂದ ಬಂದವನಾದರೆ ಪೌರತ್ವಕ್ಕೆ ಅರ್ಜಿ ಹಾಕಿರಬೇಕು. ಗಂಡನಿಲ್ಲದ ಹೆಣ್ಣುಮಗಳೂ ಸ್ವಂತ ಹೆಸರಿನಲ್ಲಿ ಜಮೀನು ಪಡೆಯಬಹುದಿತ್ತು. ಕಾಯ್ದೆ ರದ್ದಾದದ್ದು 1976ರಲ್ಲಿ, ಅಲಾಸ್ಕಾದಲ್ಲಿ ಅದಕ್ಕೂ ಹತ್ತು ವರ್ಷ ತಡವಾಗಿ. ಅಷ್ಟರಲ್ಲಿ ಸುಮಾರು 16 ಲಕ್ಷ ಹಕ್ಕುಪತ್ರ ಹಂಚಿಕೆಯಾಗಿ, 27 ಕೋಟಿ ಎಕರೆ ಜಮೀನು ಜನರ ಕೈಸೇರಿತ್ತು. ದೇಶದ ಒಟ್ಟು ನೆಲದಲ್ಲಿ ಹತ್ತರಲ್ಲಿ ಒಂದು ಪಾಲು.

ಪ್ರತಿ ಹಕ್ಕುಪತ್ರದ ಹಿಂದೆ ಒಂದು ಕಡತ ಇದೆ, ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿದೆ. ಹಕ್ಕುಪತ್ರದ ಪ್ರತಿಯನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಪುಕ್ಕಟೆ ನೋಡಬಹುದು. ಕೇಂದ್ರ ಭೂ ಇಲಾಖೆ ಅಂಥ 50 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ತೆರೆದಿಟ್ಟಿದೆ. ಬಹಳ ಜನ ಅದೊಂದನ್ನು ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕುತ್ತಾರೆ. ಅದು ಒಂದು ಹಾಳೆ. ಜೀವ ಇರುವುದು ಕಡತದಲ್ಲಿ. ಮನೆಗೆ ಎಷ್ಟು ಕಿಟಕಿ, ಬಾವಿ ಎಷ್ಟು ಆಳ, ಯಾವ ವರ್ಷ ಎಷ್ಟು ಎಕರೆ ಉತ್ತರು, ನಡುವೆ ಊರು ಬಿಟ್ಟು ಹೋಗಿದ್ದರೆ ಯಾಕೆ ಹೋದರು, ಎಲ್ಲಕ್ಕೂ ಅರ್ಜಿದಾರನ ಬಾಯಿಂದಲೇ ಉತ್ತರ ಬರೆಸಿಕೊಂಡಿದ್ದಾರೆ. ಬೊಹೀಮಿಯಾದಿಂದಲೋ ಸ್ವೀಡನ್ನಿನಿಂದಲೋ ಬಂದವನಾದರೆ ಪೌರತ್ವದ ಕಾಗದದ ನಕಲೂ ಅಲ್ಲೇ ಇರುತ್ತದೆ. ಯಾವ ಕೋರ್ಟಿನಲ್ಲಿ, ಯಾವ ದಿನ ಎಂಬ ಆ ಒಂದು ಸಾಲು ಸಿಕ್ಕಿದರೆ ಅದರ ಎಳೆ ಹಿಡಿದು ಹಡಗಿನ ಪಟ್ಟಿಗೆ, ಅಲ್ಲಿಂದ ಹಳೆಯ ದೇಶದ ಚರ್ಚಿನ ಪುಸ್ತಕಕ್ಕೆ ಹೋಗಬಹುದು.

ಸಾಕ್ಷಿ ಹೇಳಿದ ನೆರೆಯವರ ಹೆಸರನ್ನು ಕಡೆಗಣಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಹಳ ಸಲ ಆ ನೆರೆಯವನು ಹೆಂಡತಿಯ ಅಣ್ಣನೋ, ಒಂದೇ ಹಳ್ಳಿಯಿಂದ ಒಂದೇ ಹಡಗಿನಲ್ಲಿ ಬಂದವನೋ ಆಗಿರುತ್ತಾನೆ. ಹೆಂಗಸರ ತವರು ಕಾಗದದಲ್ಲಿ ಸಿಗುವುದು ಬಹಳ ಕಷ್ಟ. ಅದು ಸಿಗುವುದಾದರೆ ಹೀಗೆಯೇ ಸಿಗಬೇಕು.

ಇದಕ್ಕೂ ಹಿಂದಿನ ಕಾಲದವರ, ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿ ಆಮೇಲೆ ಒಹಾಯೊ, ಕೆಂಟಕಿ ಕಡೆ ಹೊರಟವರ ಮೂಲ ಹುಡುಕುವವರು ಪಿಂಚಣಿ ಕಡತ ತೆರೆಯಬೇಕು. ಸೈನಿಕನ ವಿಧವೆ ತನ್ನ ಮದುವೆಯನ್ನು ರುಜುವಾತು ಮಾಡಬೇಕಿತ್ತು. ಮದುವೆ ನೋಂದಣಿಯೇ ಇಲ್ಲದ ಕಾಲ. ಮನೆಯ ಬೈಬಲಿನಲ್ಲಿ ಮದುವೆ, ಹೆರಿಗೆ, ಸಾವು ಬರೆದಿಟ್ಟ ಪುಟವನ್ನೇ ಕತ್ತರಿಸಿ ಸರ್ಕಾರಕ್ಕೆ ಕಳಿಸಿದ ಹೆಂಗಸರಿದ್ದಾರೆ. ಆ ಪುಟಗಳು ಮನೆಗೆ ಮರಳಲಿಲ್ಲ, ಇಂದಿಗೂ ಆ ಕಡತಗಳಲ್ಲೇ ಇವೆ. ಒಂದು ಮನೆತನದ ಇದ್ದೊಂದು ದಾಖಲೆಯನ್ನು ಕತ್ತರಿಸಿ ಕೊಟ್ಟ ಆ ಮುದುಕಿಯರ ಅಗತ್ಯ ಎಷ್ಟಿತ್ತೆಂದು ನೆನೆದರೆ ಮನಸ್ಸು ಕಲಕುತ್ತದೆ.

ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಂದಿಗೆ ಮನೆಮುಂದೆ ಬಂದು ನಿಂತು ತಲೆಮಾರುಗಳ ಹೆಸರು ಹೇಳಿ ಕಾಳು ಇಸಿದುಕೊಂಡು ಹೋಗುತ್ತಾರೆ. ಅಮೆರಿಕನ್ನರಿಗೆ ಆ ಕೆಲಸ ಮಾಡಿದ್ದು ಜನಗಣತಿ. ಆದರೆ 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನದೊಂದೇ ಹೆಸರು. ಹೆಂಡತಿ ಮಕ್ಕಳು ಬರೀ ವಯಸ್ಸಿನ ಲೆಕ್ಕದಲ್ಲಿ ಬರುವ ಅಂಕಿಗಳು. 1850ರ ಗಣತಿಯಲ್ಲಿ ಗುಲಾಮರಲ್ಲದ ಎಲ್ಲರ ಹೆಸರೂ ಬಂತು. ಯಜಮಾನನಿಗೆ ಯಾರು ಏನಾಗಬೇಕು ಎಂಬ ಕಾಲಂ ಬಂದದ್ದು 1880ರಲ್ಲಿ.

1890ರ ಗಣತಿಯದು ದೊಡ್ಡ ನಷ್ಟ. ಪಶ್ಚಿಮದ ಹುಲ್ಲುಗಾವಲು ತುಂಬಿಕೊಂಡದ್ದೇ ಆ ಹತ್ತು ವರ್ಷಗಳಲ್ಲಿ. 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಆ ಗಣತಿಯ ಸಂಪುಟಗಳನ್ನು ಭದ್ರ ಕೋಣೆಯ ಹೊರಗೆ ಇಟ್ಟಿದ್ದರು. ಸುಮಾರು ಕಾಲು ಪಾಲು ಬೆಂಕಿಗೆ ಹೋದವು, ಉಳಿದವುಗಳಲ್ಲಿ ಅರ್ಧದಷ್ಟು ಹೊಗೆಗೆ, ಬೆಂಕಿ ಆರಿಸಲು ಹೊಡೆದ ನೀರಿಗೆ ಹಾಳಾದವು. ಉಳಿದದ್ದನ್ನು ಒಣಗಿಸಿ ಕಾಪಾಡುವುದು ಬಿಟ್ಟು, 1933ರಲ್ಲಿ ನಾಶ ಮಾಡಲು ಅನುಮತಿ ಕೊಟ್ಟರು. ರಾಷ್ಟ್ರೀಯ ದಫ್ತರಖಾನೆಯ ಕಟ್ಟಡಕ್ಕೆ ಅಡಿಗಲ್ಲು ಇಟ್ಟದ್ದೂ ಅದೇ ತಿಂಗಳು. ಆರು ಕೋಟಿಗೂ ಮಿಕ್ಕಿದ ಜನರಲ್ಲಿ ಇಂದು ಹೆಸರು ಉಳಿದಿರುವುದು ಸುಮಾರು ಆರು ಸಾವಿರ ಮಂದಿಯದು. 1881ರಲ್ಲಿ ಹುಟ್ಟಿ 1899ರಲ್ಲಿ ತೀರಿಕೊಂಡ ಒಬ್ಬ ಹುಡುಗಿ ಈ ದೇಶದ ಯಾವ ರಾಷ್ಟ್ರೀಯ ಗಣತಿಯಲ್ಲೂ ಸಿಗುವುದಿಲ್ಲ. ನೆಬ್ರಾಸ್ಕಾದವರ ಪುಣ್ಯ, ಇಲ್ಲಿ 1885ರಲ್ಲಿ ಪ್ರತ್ಯೇಕ ಗಣತಿಯೊಂದು ನಡೆದಿತ್ತು. ಹೋದ ಚಳಿಗಾಲದಲ್ಲಿ ಅದರಲ್ಲಿ ತನ್ನ ಅಜ್ಜಿಯ ಅಕ್ಕನನ್ನು ನಾಲ್ಕು ವರ್ಷದ ಮಗುವಾಗಿ ಕಂಡ ಒಬ್ಬ ಹಿರಿಯರು ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದರು. ನಾನೂ ಎದ್ದು ಹೋಗಲಿಲ್ಲ.

ಇನ್ನೊಂದು ಕೊರತೆಯನ್ನು ಜನ ಗಮನಿಸುವುದೇ ಇಲ್ಲ. ಹಕ್ಕುಪತ್ರದ ಸೂಚಿಯಲ್ಲಿರುವುದು ಗೆದ್ದವರು ಮಾತ್ರ. ಬರ, ಮಿಡತೆ, ಸಾಲ, ಹೆಂಡತಿಯ ಸಾವು, ಇಂಥ ಯಾವುದೋ ಕಾರಣಕ್ಕೆ ಐದು ವರ್ಷ ಮುಗಿಸಲಾಗದೆ ಬಿಟ್ಟುಹೋದವರು ಲಕ್ಷಗಟ್ಟಲೆ. ಅವರ ರದ್ದಾದ ಅರ್ಜಿಗಳೂ ದಫ್ತರಖಾನೆಯಲ್ಲಿವೆ. ಯಾವ ಭೂ ಕಚೇರಿ, ಯಾವ ಅರ್ಜಿ ಸಂಖ್ಯೆ ಎಂದು ಮೊದಲು ಹಳೆಯ ಖಾತೆಪುಸ್ತಕದಲ್ಲಿ ಪತ್ತೆ ಮಾಡಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಹಾಗಾಗಿ ಪ್ರತಿ ಮನೆತನದ ಕಥೆಯಲ್ಲೂ ಮುತ್ತಜ್ಜ ಬಂದ, ದುಡಿದ, ಗೆದ್ದ. ಸೋತ ಚಿಕ್ಕ ಮುತ್ತಜ್ಜನನ್ನು ಯಾರೂ ಹುಡುಕುವುದಿಲ್ಲ. ಇಷ್ಟರ ಮೇಲೆ ಕಳೆದ ಶತಮಾನದ ಆರಂಭದಲ್ಲಿ ಗುಸ್ತಾವ್ ಆಂಜೂನಂಥವರು ಶ್ರೀಮಂತರಿಂದ ಹಣ ಪಡೆದು ಹೊಸೆದುಕೊಟ್ಟ ಸುಳ್ಳು ವಂಶಾವಳಿಗಳೂ ಇವೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನಕಲು ಮಾಡುವ ಈಗಿನ ಪದ್ಧತಿಯಲ್ಲಿ ಅವು ಅಂತರ್ಜಾಲದ ವಂಶವೃಕ್ಷಗಳಲ್ಲಿ ಇಂದಿಗೂ ಚಿಗುರುತ್ತಿವೆ. ಕಡತ ತರಿಸಿ ಓದದೆ ಒಂದು ಹೆಸರನ್ನೂ ಸೇರಿಸಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಹಕ್ಕುಪತ್ರಕ್ಕಿಂತ ಮೊದಲು ಸರ್ವೆ ಆಗಲೇಬೇಕು. 1785ರ ಕಾನೂನಿನಂತೆ ಈ ದೇಶದ ಸರ್ಕಾರಿ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನೂ 640 ಎಕರೆಯ 36 ಸೆಕ್ಷನ್‌ಗಳಾಗಿ ಗೆರೆ ಎಳೆದು ಹಂಚಿದರು. ಸೆಕ್ಷನ್ನಿನ ಕಾಲುಭಾಗವೇ ಹೋಮ್‌ಸ್ಟೆಡ್‌ನ 160 ಎಕರೆ. ಅಳೆದದ್ದು 66 ಅಡಿಯ ಸರಪಳಿಯಿಂದ. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಅದೇ ಸರಪಳಿಯ ಸರಿಯಾಗಿ ಅರ್ಧ. ಹಾಗಾಗಿ ಇಲ್ಲಿಯ ಸರ್ವೆ ಪುಸ್ತಕ ನನಗೆ ತಡವರಿಸದೆ ಓದಲು ಬರುತ್ತದೆ. ನೆಬ್ರಾಸ್ಕಾ ಮತ್ತು ಕ್ಯಾನ್ಸಸ್ ನಡುವಿನ ಗಡಿಯಾದ 40ನೇ ಅಕ್ಷಾಂಶವನ್ನೇ ತಳಗೆರೆಯಾಗಿ ಹಿಡಿದು 1850ರ ದಶಕದಲ್ಲಿ ಇಲ್ಲಿ ಅಳತೆ ಶುರುವಾಯಿತು. ಸರ್ವೆಯರ್ ಗೆರೆಯುದ್ದಕ್ಕೂ ನಡೆಯುತ್ತ ಕಂಡದ್ದನ್ನೆಲ್ಲ ಸರಪಳಿಯ ಲೆಕ್ಕದಲ್ಲಿ ಬರೆಯುತ್ತ ಹೋಗಬೇಕಿತ್ತು. ಇಲ್ಲಿ ಹಳ್ಳ ದಾಟಿತು, ಇಲ್ಲಿ ಓಕ್ ಮರಗಳ ತೋಪು, ಮಣ್ಣು ಒಳ್ಳೆಯದು. ಅದೇ ಕೈ, ಅದೇ ಮಸಿಯಲ್ಲಿ, ಇಷ್ಟನೇ ಸರಪಳಿಯಲ್ಲಿ ಇಂಡಿಯನ್ನರ, ಅಂದರೆ ಇಲ್ಲಿನ ಮೂಲನಿವಾಸಿಗಳ, ಕಾಲುದಾರಿ ಎಂದೂ ಬರೆದಿದೆ. ಎಷ್ಟೋ ಕಡೆ ಅವರ ಊರನ್ನು, ಜೋಳದ ಹೊಲವನ್ನು ಟೌನ್‌ಶಿಪ್ ನಕ್ಷೆಯಲ್ಲೇ ಗುರುತಿಸಿದ್ದಾರೆ.

ಅಂದರೆ ಮೊದಲು ಬಂದವನು ಬರುವ ಮುಂಚೆ ಅಲ್ಲಿ ಯಾರಿದ್ದರು ಎಂಬುದು ಗುಟ್ಟಲ್ಲ, ವಿದ್ವಾಂಸರ ವಾದವೂ ಅಲ್ಲ. ಅದು ಸರ್ಕಾರಿ ದಾಖಲೆ. ಹಕ್ಕುಪತ್ರ ಸಿಗುವ ಅದೇ ತಾಣದಲ್ಲಿ, ಅದೇ ಸೆಕ್ಷನ್ ಸಂಖ್ಯೆ ಹಾಕಿದರೆ ಆ ನಕ್ಷೆಯೂ ತೆರೆದುಕೊಳ್ಳುತ್ತದೆ. ಫ್ರೀಮನ್‌ನ ಹೊಲವಿರುವ ಬಿಗ್ ಬ್ಲೂ ನದಿಯ ಸೀಮೆ ಓಟೊ ಮತ್ತು ಮಿಸೌರಿಯಾ ಜನರದು. 1854ರ ಒಪ್ಪಂದದಲ್ಲಿ ಅವರು ನೆಬ್ರಾಸ್ಕಾದಲ್ಲಿದ್ದ ತಮ್ಮ ನೆಲವನ್ನೆಲ್ಲ ಬಿಟ್ಟುಕೊಟ್ಟು ಇದೇ ನದಿಯ ಕೆಳಭಾಗದಲ್ಲಿ ಒಂದು ತುಂಡು ಉಳಿಸಿಕೊಂಡರು. 1881ರಲ್ಲಿ ಅದನ್ನೂ ಬಿಟ್ಟು ಈಗಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಒಪ್ಪಂದಕ್ಕೂ ಫ್ರೀಮನ್‌ನ ಅರ್ಜಿಗೂ ನಡುವೆ ಒಂಬತ್ತು ವರ್ಷವೂ ತುಂಬಿಲ್ಲ. ನಾನು ನೋಡಿದ ಎಷ್ಟೋ ವಂಶಾವಳಿ ಪುಸ್ತಕಗಳು ‘ನಮ್ಮ ಹಿರಿಯರು ಖಾಲಿ ನೆಲಕ್ಕೆ ಬಂದರು’ ಎಂಬ ಮಾತಿನಿಂದಲೇ ಶುರುವಾಗುತ್ತವೆ. ಖಾಲಿ ಇತ್ತೆಂದು ಯಾವ ಕಾಗದ ಹೇಳುತ್ತದೆ? ನಾನು ಕಂಡ ಯಾವ ಸರ್ವೆ ಪುಸ್ತಕವೂ ಹಾಗೆ ಹೇಳುವುದಿಲ್ಲ.

ಹೀಗೆ ಹಿಂದಿನ ಪುಟ ತೆರೆದರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತಮ್ಮ ಬಾಲ್ಯದ ಬಗ್ಗೆ ಅವರು ಬರೆದ ‘ಲಿಟಲ್ ಹೌಸ್ ಆನ್ ದ ಪ್ರೇರಿ’ ಪುಸ್ತಕವನ್ನು ನನ್ನ ಮೊಮ್ಮಗಳು ರಾತ್ರಿ ದೀಪ ಆರಿಸಲು ಬಿಡದೆ ಓದಿದಳು. 1935ರಲ್ಲಿ ಬಂದ ಆ ಪುಸ್ತಕದಲ್ಲಿ ಕ್ಯಾನ್ಸಸ್‌ನ ಹುಲ್ಲುಗಾವಲಿನ ಮನೆ ಇಂಡಿಪೆಂಡೆನ್ಸ್ ಊರಿನಿಂದ 40 ಮೈಲಿ ದೂರ. ನಿಜವಾಗಿ ಅದು 13 ಮೈಲಿಯ ಆಸುಪಾಸು. ಜಾಗ ಪತ್ತೆಯಾದ ಬಗೆ ಚೆನ್ನಾಗಿದೆ. ಅಪ್ಪ ಚಾರ್ಲ್ಸ್ ಇಂಗಲ್ಸ್ ಹೆಸರಿನಲ್ಲಿ ಅಲ್ಲಿ ಜಮೀನೇ ಇರಲಿಲ್ಲವಾದ್ದರಿಂದ ಹಕ್ಕುಪತ್ರ ಹುಡುಕಿ ಪ್ರಯೋಜನವಿಲ್ಲ. ಆದರೆ 1870ರ ಆಗಸ್ಟಿನಲ್ಲಿ ಗಣತಿಯವನು ಮನೆಯಿಂದ ಮನೆಗೆ ಹೋದ ಕ್ರಮ ಪಟ್ಟಿಯಲ್ಲಿ ಉಳಿದಿದೆ. ನೆರೆಯವರು ಮುಂದೆ ಕೊಂಡ ಜಮೀನುಗಳನ್ನು ಆ ಕ್ರಮಕ್ಕೆ ಹೊಂದಿಸಿ ನೋಡಿದಾಗ, ನಡುವೆ ಉಳಿದ ಜಾಗದಲ್ಲಿ ಇವರ ಮನೆ ಇದ್ದಿರಬೇಕೆಂದು ಸಂಶೋಧಕರು ಗುರುತಿಸಿದರು. ಸರ್ವೆಯರ್ ಆಗಿ ನನಗೆ ಇದು ಮೆಚ್ಚುಗೆಯ ಕೆಲಸ.

ಆ ಗಣತಿಯ ಹಾಳೆಯನ್ನು ನಿಧಾನವಾಗಿ ನೋಡಬೇಕು. ಲಾರಾಗೆ ಆಗ ಮೂರು ವರ್ಷ. ತಂಗಿ ಕ್ಯಾರಿ ಹುಟ್ಟಿ ಇನ್ನೂ ಎರಡು ವಾರವಾಗಿಲ್ಲ. ನೆರೆಯಲ್ಲಿ ಡಾಕ್ಟರ್ ಜಾರ್ಜ್ ಟ್ಯಾನ್, ಪೆನ್ಸಿಲ್ವೇನಿಯಾದಿಂದ ಬಂದ ಕಪ್ಪು ವೈದ್ಯ, ಮಲೇರಿಯಾದಲ್ಲಿ ಮಲಗಿದ್ದ ಈ ಕುಟುಂಬವನ್ನು ಉಳಿಸಿದವರು. ಪುಸ್ತಕದಲ್ಲೂ ಅವರು ಬರುತ್ತಾರೆ. ಸ್ಥಿರಾಸ್ತಿಯ ಬೆಲೆ ಬರೆಯುವ ಕಾಲಂ ಮಾತ್ರ ಖಾಲಿ. ಇಂಗಲ್ಸ್‌ರದಷ್ಟೇ ಅಲ್ಲ, ಸುತ್ತಲಿನವರದೂ ಖಾಲಿ. ಯಾಕೆಂದರೆ ಅದು ಓಸೇಜ್ ಜನರ ಮೀಸಲು ನೆಲ, ಅಲ್ಲಿ ಬಿಡಾರ ಹೂಡಿದವರಿಗೆ ಹಕ್ಕೇ ಇರಲಿಲ್ಲ. ಸರ್ಕಾರದ ಸೈನಿಕರು ತಮ್ಮನ್ನು ಎಬ್ಬಿಸುತ್ತಾರೆಂದು ಕುಟುಂಬ ಹೊರಟಿತೆಂದು ಪುಸ್ತಕ ಹೇಳುತ್ತದೆ. ದಾಖಲೆ ಹೇಳುವುದೇ ಬೇರೆ. 1870ರ ಜುಲೈನಲ್ಲೇ ಸಂಸತ್ತು ಓಸೇಜರನ್ನು ಕ್ಯಾನ್ಸಸ್‌ನಿಂದ ಹೊರಗೆ ಕಳಿಸುವ ಕಾಯ್ದೆ ಮಾಡಿತ್ತು. ಹೋಗಬೇಕಾದವರು ಅವರು. ಇಂಗಲ್ಸ್‌ರು 1871ರಲ್ಲಿ ಹಿಂದಿರುಗಿದ್ದಕ್ಕೆ ಕಾರಣ, ವಿಸ್ಕಾನ್ಸಿನ್‌ನಲ್ಲಿ ಅವರ ಹೊಲ ಕೊಂಡವನಿಗೆ ಹಣ ತೀರಿಸಲಾಗದೆ ಹೊಲ ಮರಳಿ ಇವರ ಪಾಲಿಗೆ ಬಂದದ್ದು. ಓಕ್ಲಹೋಮಾಕ್ಕೆ ಹೋದ ಓಸೇಜರ ನೆಲದಲ್ಲಿ ಎಣ್ಣೆ ಸಿಕ್ಕಿ, ಆ ಹಣಕ್ಕಾಗಿ 1920ರ ದಶಕದಲ್ಲಿ ಅವರನ್ನು ಒಬ್ಬೊಬ್ಬರಾಗಿ ಕೊಂದ ಕಥೆಯನ್ನು ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ ಚಿತ್ರದಲ್ಲಿ ನಮ್ಮವರೂ ನೋಡಿದ್ದಾರೆ. ಎರಡೂ ಒಂದೇ ಜನರ ಕಥೆ.

ಇದನ್ನೆಲ್ಲ ತಿಳಿದ ಮೇಲೆ ಲಾರಾಳ ಬಗ್ಗೆ ಮೊಮ್ಮಗಳಿಗೆ ಪ್ರೀತಿ ಕಡಿಮೆಯಾಯಿತೇ? ಇಲ್ಲ. ಲಾರಾಳ ಪುಟ್ಟ ತಮ್ಮ ಒಂಬತ್ತು ತಿಂಗಳ ಮಗುವಾಗಿ 1876ರಲ್ಲಿ ತೀರಿಕೊಂಡ, ಆ ಮಗುವಿನ ಸುದ್ದಿಯೇ ಪುಸ್ತಕಗಳಲ್ಲಿಲ್ಲ ಎಂದು ತಿಳಿದಾಗ ಅವಳು ಅತ್ತಳು. ಓಸೇಜ್ ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಿದ್ದೂ ಅವಳೇ. ಹತ್ತು ವರ್ಷದ ಮಗು ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲದಾದರೆ ದೊಡ್ಡವರಿಗೆ ಏನು ಕಷ್ಟ?

ಕಷ್ಟವಿದೆ, ನನಗೆ ಗೊತ್ತು. ಗ್ರಂಥಾಲಯದಲ್ಲಿ ಒಬ್ಬರು ನನ್ನೊಂದಿಗೆ ನೇರವಾಗಿಯೇ ವಾದಿಸಿದರು. ‘ನಮ್ಮ ಮುತ್ತಜ್ಜ ಯಾರನ್ನೂ ಓಡಿಸಲಿಲ್ಲ. ಊರಿನಲ್ಲಿ ತುಂಡು ನೆಲವಿಲ್ಲದೆ ಬಂದವನು. ಹುಲ್ಲುಹೆಂಟೆಯ ಮನೆಯಲ್ಲಿ ಮೂರು ಮಕ್ಕಳನ್ನು ಹೂಳಿದ. ಅವನ ಮೇಲೆ ಈಗ ಯಾಕೆ ಅಪವಾದ?’ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕ 1886ರಿಂದ ಕಸ್ಟರ್ ಕೌಂಟಿಯಲ್ಲಿ ತೆಗೆದ ಚಿತ್ರಗಳನ್ನು ನೋಡಿದವರಿಗೆ ಆ ಬದುಕಿನ ಬಗ್ಗೆ ಅನುಮಾನ ಉಳಿಯುವುದಿಲ್ಲ. ಒಂದು ಚಿತ್ರದಲ್ಲಿ ಮನೆಯವರು ತಮ್ಮ ಹಾರ್ಮೋನಿಯಂನಂಥ ದೊಡ್ಡ ವಾದ್ಯವನ್ನು ಬಯಲಿಗೆ ತಂದಿಟ್ಟುಕೊಂಡು ನಿಂತಿದ್ದಾರೆ. ಮಣ್ಣಿನ ಮನೆ ಪೂರ್ವದ ನೆಂಟರ ಕಣ್ಣಿಗೆ ಬೀಳಬಾರದು, ವಾದ್ಯ ಬೀಳಬೇಕು ಎಂಬುದು ಮನೆಯಾಕೆಯ ಆಸೆಯಾಗಿತ್ತಂತೆ. ಅಪವಾದ ಹೊರಿಸುವುದು ನನ್ನ ಕೆಲಸವಲ್ಲ. ಸರ್ಕಾರ ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಕೊಟ್ಟಿತು. ತೆಗೆದುಕೊಂಡವನ ಬೆವರು ನಿಜ, ಕಳೆದುಕೊಂಡವನ ಊರೂ ನಿಜ. ಖಾತೆ ಬದಲಾವಣೆಯ ಪುಸ್ತಕದಲ್ಲಿ ಹಿಂದಿನ ಹಕ್ಕುದಾರನ ಹೆಸರಿಲ್ಲದೆ ಹೊಸಬನ ಹೆಸರು ಬರೆಯಲು ನನ್ನ ನೌಕರಿಯುದ್ದಕ್ಕೂ ಯಾರೂ ನನಗೆ ಕಲಿಸಲಿಲ್ಲ.

ಕಪ್ಪು ಜನರ ಮನೆತನಗಳಿಗೆ ಈ ಮಾತು ಇನ್ನೂ ಹತ್ತಿರ. ಗುಲಾಮರಾಗಿದ್ದವರು 1877ರಲ್ಲಿ ಕೆಂಟಕಿಯಿಂದ ಬಂದು ಕ್ಯಾನ್ಸಸ್‌ನಲ್ಲಿ ನಿಕೊಡೀಮಸ್ ಎಂಬ ಊರು ಕಟ್ಟಿದರು. ಮೊದಲ ಚಳಿಗಾಲ ನೆಲ ಅಗೆದ ಗುಂಡಿಗಳಲ್ಲೇ ಕಳೆದರು. ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜರು ಮಾಂಸ ಕೊಟ್ಟು ಜೀವ ಉಳಿಸಿದರೆಂದು ಆ ಊರಿನವರ ನೆನಪು. ಅವರೂ ಮೊದಲು ಬಂದು ನೆಲೆಸಿದವರೇ. ಅವರ ಮೊಮ್ಮಕ್ಕಳು ಹಿಂದಕ್ಕೆ ಹುಡುಕುತ್ತ ಹೋದರೆ 1870ರ ಗಣತಿಗೆ ಬಂದು ದಾರಿ ಮುಚ್ಚುತ್ತದೆ. ಅದಕ್ಕೆ ಹಿಂದಿನ ಎರಡು ಗಣತಿಗಳ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ಹೆಸರಿಲ್ಲ. ಅಂಥ ಒಬ್ಬರ ಹೆಸರು ಇವತ್ತು ಸಿಗುವುದಿದ್ದರೆ ಒಡೆಯನ ಮನೆಯ ಉಯಿಲಿನಲ್ಲಿ, ಸಾಲಪತ್ರದಲ್ಲಿ, ಹಳೆಯ ಪತ್ರಗಳ ಕಟ್ಟಿನಲ್ಲಿ ಸಿಗಬೇಕು. ಆ ಕಟ್ಟು ಯಾರ ಮನೆಯ ಅಟ್ಟದ ಮೇಲಿದೆ? ಒಡೆಯನ ಮರಿಮಕ್ಕಳ ಮನೆಯಲ್ಲಿ. ತಮ್ಮ ವಂಶದ ಹೆಮ್ಮೆಗಾಗಿ ಅದನ್ನು ಬಿಚ್ಚುವವರು ಅದರಲ್ಲಿರುವ ಬೇರೆಯವರ ಹೆಸರುಗಳನ್ನೂ ಬರೆದು ಹೊರಗೆ ಕೊಡಬೇಕು. ಇದು ಔದಾರ್ಯದ ಪ್ರಶ್ನೆ ಅಲ್ಲ, ಆ ಹೆಸರುಗಳು ಬೇರೆಯವರ ಸ್ವತ್ತು.

ಇಲ್ಲಿ ವಂಶಾವಳಿಯ ಸಂಘಗಳಿಗೆ ಕೊರತೆಯಿಲ್ಲ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಸಂಘ 1845ರದು. ಸ್ವಾತಂತ್ರ್ಯ ಯುದ್ಧದವರ ಹೆಣ್ಣುಮಕ್ಕಳ ಸಂಘ 1890ರದು. ಹಲವು ರಾಜ್ಯಗಳ ಸಂಘಗಳು, ನಿಮ್ಮ ಹಿರಿಯರು ಇಂಥ ವರ್ಷಕ್ಕಿಂತ ಮುಂಚೆ ಇಲ್ಲಿಗೆ ಬಂದವರೆಂದು ರುಜುವಾತು ಮಾಡಿದರೆ ಪ್ರಮಾಣಪತ್ರವನ್ನೂ ಕೊಡುತ್ತವೆ. ಆ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಲಿ ಎಂಬುದು ನನ್ನ ಬೇಡಿಕೆ: ಈ ಜಮೀನು ಯಾವ ಜನರಿಂದ, ಯಾವ ವರ್ಷದ ಯಾವ ಒಪ್ಪಂದದಲ್ಲಿ ಸರ್ಕಾರಕ್ಕೆ ಬಂತು? ಉತ್ತರ ಹುಡುಕಲು ಅರ್ಧ ದಿನವೂ ಬೇಡ. ಚಾರ್ಲ್ಸ್ ರಾಯ್ಸ್ ಎಂಬವರು ದೇಶದ ಇಂಥ ಎಲ್ಲ ನೆಲವನ್ನೂ ಸಂಖ್ಯೆ ಹಾಕಿ ನಕ್ಷೆ ಮಾಡಿದ್ದು 1899ರಲ್ಲೇ ಅಚ್ಚಾಗಿದೆ, ಸಂಸತ್ತಿನ ಗ್ರಂಥಾಲಯ ಅದನ್ನು ಎಲ್ಲರಿಗೂ ತೆರೆದಿಟ್ಟಿದೆ. ಸೆಕ್ಷನ್ ಸಂಖ್ಯೆ ಗೊತ್ತಿರುವವರು ಆ ನಕ್ಷೆಯಲ್ಲಿ ಬೆರಳಿಟ್ಟರೆ ಸಾಕು.

ಇಲ್ಲಿ ಮನೆ ಕೊಂಡ ಕನ್ನಡದ ಮಕ್ಕಳಿಗೂ ಇದೇ ಮಾತು ಹೇಳುತ್ತೇನೆ. ನಮಗೆ ಈ ಮಣ್ಣಿನಲ್ಲಿ ಮುತ್ತಜ್ಜರಿಲ್ಲ, ನಮಗೇಕೆ ಎನ್ನಬೇಡಿ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಮಗುವಿನ ಹಾಳೆ ಹುಬ್ಬಳ್ಳಿಗೋ ಶಿವಮೊಗ್ಗೆಗೋ ಹೋಗಿ ನಿಲ್ಲುತ್ತದೆ, ಸರಿ. ಅದರ ಪಕ್ಕದಲ್ಲಿ ನಿಮ್ಮ ಮನೆಯ ನಿವೇಶನದ ಹಾಳೆಯನ್ನೂ ಇಡಿ. ಮಗಳ ಮನೆ ಕೊಂಡಾಗ ಕೈಗೆ ಬಂದ ಹಕ್ಕಿನ ಸರಣಿಯ ಕಾಗದಗಳನ್ನು ನಾನು ಕೆಳಗಿನಿಂದ ಓದಿದೆ. ಬಿಲ್ಡರ್, ಬ್ಯಾಂಕು, ಒಬ್ಬ ವಿಧವೆ, ಇಬ್ಬರು ಅಣ್ಣತಮ್ಮಂದಿರು, ಹೀಗೆ ಇಳಿದು ಬಂದ ಆಸ್ತಿಯ ಮೊದಲ ನಮೂದಿನಲ್ಲಿ ಕೊಟ್ಟವರು ಅಮೆರಿಕ ಸಂಯುಕ್ತ ಸಂಸ್ಥಾನ. ಅದಕ್ಕೆ ಹಿಂದೆ ಕಾಗದವಿಲ್ಲ. ನಾನು ಸೆಕ್ಷನ್ ಸಂಖ್ಯೆ ಬರೆದುಕೊಂಡು ರಾಯ್ಸ್ ನಕ್ಷೆಯಲ್ಲಿ ಹುಡುಕಿದೆ, ಒಪ್ಪಂದದ ವರ್ಷವನ್ನೂ ಆ ಜನರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಆ ಕಾಗದಗಳ ಮೇಲೆ ಪಿನ್ನು ಹಾಕಿ ಇಟ್ಟಿದ್ದೇನೆ. ಮನೆ ಮಾರುವ ದಿನ ಬಂದರೆ ಕೊಳ್ಳುವವರ ಕೈಗೆ ಅದೂ ಹೋಗಬೇಕೆಂದು ಮಗಳಿಗೆ ಹೇಳಿದ್ದೇನೆ.